ಕೊಳಗ ಎಂದರೆ ಎಷ್ಟು ಎಕರೆ? ನೆಲದಳತೆಯ ಪದಗಳಿಗೆ ನಿಘಂಟುಗಳು ನೀಡುವ ಅರ್ಥವನ್ನು ಕುರಿತು

ಶಾಸನಗಳನ್ನಾಗಲಿ ಕಂದಾಯದ ಕಡತಗಳನ್ನಾಗಲಿ ಆಧರಿಸಿದ ಸಂಶೋಧನ ಪ್ರಬಂಧಗಳ ಕೊನೆಗೆ ಒಂದು ಪರಿವರ್ತನಾ ಕೋಷ್ಟಕವನ್ನು ಲಗತ್ತಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಎಡಗಡೆಯ ಅಂಕಣದಲ್ಲಿ ಮತ್ತರು, ಕಮ್ಮ, ಖಂಡುಗ, ಕೊಳಗ, ಸಲಗೆ, ಮುಡಿ, ಕೂರಿಗೆ, ಬಲಗಡೆಯಲ್ಲಿ ಎಕರೆ ಮತ್ತು ಗುಂಟೆ, ನಡುವೆ ಸಮಚಿಹ್ನೆ. ನಮ್ಮ ತಕರಾರು ಆ ಸಮಚಿಹ್ನೆಯ ಮೇಲೆ. ಅಂಕಿಗಳು ತಪ್ಪಿವೆಯೆಂಬುದು ಇಲ್ಲಿನ ವಾದವಲ್ಲ. ಕೆಲವು ಅಂಕಿಗಳು ಆಯಾ ಊರಿನ ಮಟ್ಟಿಗೆ ಸರಿಯಾಗಿಯೇ ಇರಬಹುದು. ಆದರೆ ಈ ಪದಗಳ ಅರ್ಥದ ರಚನೆಯೇ ಎಕರೆ ಎಂಬ ಪದದ ಅರ್ಥರಚನೆಗಿಂತ ಬೇರೆ. ಅದನ್ನು ಗಮನಿಸದೆ ಸಮೀಕರಿಸಿದಾಗ, ಪ್ರಾದೇಶಿಕ ಭೇದವೆಂಬುದು ಒಂದು 'ನಿಜವಾದ' ಮೌಲ್ಯದ ಸುತ್ತ ಎದ್ದ ಧೂಳಿನಂತೆ ಕಾಣತೊಡಗುತ್ತದೆ. ಆ ಭೇದವು ಅರ್ಥದ ಒಳಗೇ ಇದೆಯೆಂದು ತೋರಿಸುವುದು, ಅದಕ್ಕೆ ಕನ್ನಡದ ವ್ಯಾಕರಣವೇ ಸಾಕ್ಷ್ಯ ನುಡಿಯುತ್ತದೆಂದು ತೋರಿಸುವುದು ನಮ್ಮ ಉದ್ದೇಶ.

ನಮ್ಮ ನಿಘಂಟುಗಳಲ್ಲಿ ಇಂತಹ ಪದಗಳಿಗೆ ಎರಡು ಬಗೆಯ ವ್ಯಾಖ್ಯೆಗಳು ಸಿಗುತ್ತವೆ. 'ಒಂದು ಬಗೆಯ ಅಳತೆ' ಎಂದು ಹೇಳಿ ಕೈತೊಳೆದುಕೊಳ್ಳುವುದು ಮೊದಲನೆಯದು. ಇದು ಸುಳ್ಳಲ್ಲ, ಉಪಯೋಗವೂ ಅಲ್ಲ. ಆಧುನಿಕ ಮಾನವೊಂದಕ್ಕೆ ಸಮೀಕರಿಸಿ ಸಂಖ್ಯೆ ಕೊಡುವುದು ಎರಡನೆಯದು. ಇದು ಉಪಯುಕ್ತವೆನಿಸುತ್ತದೆ, ಅದರಿಂದಲೇ ಹೆಚ್ಚು ಅಪಾಯಕಾರಿ. ಎಚ್. ಎಚ್. ವಿಲ್ಸನ್ 1855ರಲ್ಲಿ ಪ್ರಕಟಿಸಿದ ನ್ಯಾಯಾಡಳಿತ ಮತ್ತು ಕಂದಾಯ ಪದಗಳ ಕೋಶವನ್ನು ಈ ಎರಡನೆಯ ಪದ್ಧತಿಯ ಮೂಲವೆಂದು ದೂರುವುದುಂಟು. ಅದು ನ್ಯಾಯವಲ್ಲ. ಬಿಘಾದಂತಹ ಪದಗಳನ್ನು ವಿವರಿಸುವಾಗ ವಿಲ್ಸನ್ ಒಂದೊಂದು ಪ್ರಾಂತದ ಭೇದವನ್ನೂ ಎಣಿಸಿ ಹೇಳುತ್ತಾನೆ. ಅವನಿಂದ ಎತ್ತಿಕೊಂಡವರು ಬಹುಸಾರಿ ಮೊದಲ ಅಂಕಿಯನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಕಿಟ್ಟೆಲರ 1894ರ ನಿಘಂಟು, ಅದಕ್ಕಿಂತ ಹೆಚ್ಚಾಗಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಪ್ರಯೋಗಗಳನ್ನು ಉದ್ಧರಿಸುತ್ತವೆ. ವ್ಯಾಖ್ಯೆ ಎಷ್ಟೇ ಬಡವಾಗಿದ್ದರೂ ಆ ಪ್ರಯೋಗಗಳಿಂದ ಪದದ ನಡೆಯನ್ನು ಮತ್ತೆ ಕಟ್ಟಿಕೊಳ್ಳಬಹುದು. ಕೋಷ್ಟಕದಲ್ಲಿ ಪ್ರಯೋಗಕ್ಕೆ ಜಾಗವೇ ಇಲ್ಲ.

ಮೊದಲು ಖಂಡುಗ–ಕೊಳಗಗಳನ್ನು ನೋಡೋಣ. ಹಳೆಯ ಮೈಸೂರು ಸೀಮೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ಈ ಅನುಪಾತ ಸ್ಥಿರ. ಕೊಳಗವೆಂದರೆ ಮೊದಲಿಗೆ ಒಂದು ಪಾತ್ರೆ. ಆ ಪಾತ್ರೆ ತುಂಬುವಷ್ಟು ಧಾನ್ಯ ಎರಡನೆಯ ಅರ್ಥ. ಅಷ್ಟು ಧಾನ್ಯವನ್ನು ಬೀಜವಾಗಿ ಬಿತ್ತಲು ಬೇಕಾಗುವ ನೆಲ ಮೂರನೆಯದು. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಲಕ್ಷಣೆಯ ಮೇಲೆ ಲಕ್ಷಣೆ. ಇಲ್ಲಿ ಎರಡು ಕಡೆ ಸಡಿಲವಿದೆ. ಒಂದು, ಪಾತ್ರೆಯ ಗಾತ್ರ: ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹೋದಲ್ಲೆಲ್ಲ ಈ ಪ್ರಮಾಣವನ್ನು ಹೊಸದಾಗಿ ವಿಚಾರಿಸಿಕೊಳ್ಳಬೇಕಾಯಿತು. ಇನ್ನೊಂದು, ಬೀಜ ಮತ್ತು ನೆಲದ ಸಂಬಂಧ. ಇದು ಬೆಳೆ, ಮಣ್ಣು, ನೀರು, ಬಿತ್ತನೆಯ ಕ್ರಮ, ಇಷ್ಟನ್ನೂ ಅವಲಂಬಿಸಿದೆ.

ಎರಡನೆಯ ಸಡಿಲದ ಪ್ರಮಾಣವನ್ನು ಇಂದಿನ ಕೃಷಿ ಶಿಫಾರಸುಗಳಿಂದಲೇ ಅಂದಾಜಿಸಬಹುದು. ಕೂರಿಗೆಯಲ್ಲಿ ಬಿತ್ತುವ ರಾಗಿಗೆ ಹೆಕ್ಟೇರಿಗೆ ಸುಮಾರು 10–12 ಕೆ.ಜಿ. ಬೀಜ ಬೇಕು, ಚೆಲ್ಲಿ ಬಿತ್ತುವ ಭತ್ತಕ್ಕೆ 75–100 ಕೆ.ಜಿ. ಹಾಗಿದ್ದರೆ ಒಂದೇ ಊರಿನ, ಒಂದೇ ಒಕ್ಕಲಿನ, ಒಂದೇ ಪಾತ್ರೆಯಿಂದ ಅಳೆದ ಒಂದು ಖಂಡುಗ ಬೆದ್ದಲು ಒಂದು ಖಂಡುಗ ಗದ್ದೆಗಿಂತ ಹಲವು ಪಟ್ಟು ವಿಸ್ತಾರವಾಗಿರುತ್ತದೆ. ಇವೆರಡರ ಸರಾಸರಿ ತೆಗೆದು 'ಖಂಡುಗ = ಇಷ್ಟು ಎಕರೆ' ಎಂದು ಬರೆದರೆ ಆ ಸಂಖ್ಯೆ ಯಾವ ಹೊಲಕ್ಕೂ ಯಾವ ಗದ್ದೆಗೂ ಹೊಂದುವುದಿಲ್ಲ. ಶಾಸನಗಳನ್ನು ಬರೆಸಿದವರಿಗೆ ಈ ಗೊಂದಲವಿರಲಿಲ್ಲ. ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿ ಗದ್ದೆ ಇಷ್ಟು, ಬೆದ್ದಲು ಇಷ್ಟು ಎಂದು ಬಿಡಿಬಿಡಿಯಾಗಿ ಹೇಳುವುದೇ ರೂಢಿ. 'ಒಂದು ಎಕರೆ ಗದ್ದೆ, ಎರಡು ಎಕರೆ ಹೊಲ, ಒಟ್ಟು ಮೂರು ಎಕರೆ' ಎಂದು ಇಂದು ನಾವು ಸಲೀಸಾಗಿ ಕೂಡುವ ಹಾಗೆ ಒಂದು ಖಂಡುಗ ಗದ್ದೆಯನ್ನೂ ಎರಡು ಖಂಡುಗ ಬೆದ್ದಲನ್ನೂ ಕೂಡಿಸಿ ನೆಲದ ವಿಸ್ತಾರ ಹೇಳಲು ಬಾರದು. ಕೂಡಿಸಿದರೆ ಬರುವುದು ಬೀಜದ ಮೊತ್ತ.

ಮಾನಪದಗಳ ಅರ್ಥವಿಜ್ಞಾನದಲ್ಲಿ ಮ್ಯಾನ್‌ಫ್ರೆಡ್ ಕ್ರಿಫ್ಕಾ ಅವರ ಕಾಲದಿಂದ ಪ್ರಧಾನವಾಗಿರುವ ಸಂಕಲನಗುಣದ ಚರ್ಚೆ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಅರ್ಧದಾರಿಯವರೆಗೆ ಮಾತ್ರ. ಒಂದೇ ಗದ್ದೆಬಯಲಿನೊಳಗೆ ಕೊಳಗಕ್ಕೂ ಸಂಕಲನಗುಣವಿದೆ: ಎರಡು ಕೊಳಗ ಗದ್ದೆಯ ಪಕ್ಕದ ಮೂರು ಕೊಳಗ ಗದ್ದೆಯನ್ನು ಕೊಂಡರೆ ಐದು ಕೊಳಗ ಗದ್ದೆಯಾಗುತ್ತದೆ. ಬಯಲನ್ನು ದಾಟಿದ ಕೂಡಲೇ ಆ ಗುಣ ಇಲ್ಲವಾಗುತ್ತದೆ. ಆದ್ದರಿಂದ ಕೊಳಗದ ಮಾಪನವು ನೆಲವೊಂದನ್ನೇ ತೆಗೆದುಕೊಂಡು ಸಂಖ್ಯೆಯನ್ನು ಹಿಂದಿರುಗಿಸುವ ಫಲನವಲ್ಲ. ನೆಲ, ಬೆಳೆ, ಬಿತ್ತನೆಯ ಕ್ರಮ ಇವುಗಳ ನಡುವಣ ಸಂಬಂಧ. ಮಾತಿನಲ್ಲಿ 'ಗದ್ದೆ', 'ಬೆದ್ದಲು' ಎಂಬ ವಿಶೇಷ್ಯವೇ ಉಳಿದ ಅಂಶಗಳನ್ನು ಒದಗಿಸುತ್ತದೆ. ವಿಶೇಷ್ಯವನ್ನು ಕಿತ್ತುಹಾಕಿ ಮಾನಪದವನ್ನಷ್ಟೇ ನಿಘಂಟಿಗೆ ಸೇರಿಸಿದರೆ ಅರ್ಥದ ಅರ್ಧ ಹೊರಗುಳಿಯಿತು.

ಇದಕ್ಕೆ ವಾಕ್ಯರಚನೆಯ ಸಾಕ್ಷ್ಯವನ್ನು 'ಬಿತ್ತು' ಎಂಬ ಕ್ರಿಯಾಪದದ ಸುತ್ತ ಹುಡುಕಬೇಕು. ಕನ್ನಡದಲ್ಲಿ 'ರಾಗಿ ಬಿತ್ತಿದ' ಎನ್ನಬಹುದು, 'ಹೊಲ ಬಿತ್ತಿದ' ಎಂದೂ ಎನ್ನಬಹುದು. ಬೀಜವೂ ನೆಲವೂ ಇದಕ್ಕೆ ಕರ್ಮವಾಗಬಲ್ಲವು. ಈಗ ಕೃದಂತ ವಿಶೇಷಣಗಳನ್ನು ಗಮನಿಸಿ. 'ಎರಡು ಕೊಳಗ ಬಿತ್ತುವ ಗದ್ದೆ' ಎಂಬುದು ಸಹಜ ಪ್ರಯೋಗ. 'ಎರಡು ಎಕರೆ ಬಿತ್ತುವ ರೈತ' ಎಂಬುದೂ ಸಹಜ. ಆದರೆ 'ಎರಡು ಎಕರೆ ಬಿತ್ತುವ ಗದ್ದೆ' ಎಂದರೆ ಕಿವಿ ಒಪ್ಪುವುದಿಲ್ಲ. ಕಾರಣ ಸ್ಪಷ್ಟ: ಎಕರೆಯು ನೆಲದ ಸ್ಥಾನವನ್ನೇ ಆಕ್ರಮಿಸಿಕೊಂಡ ಮೇಲೆ 'ಗದ್ದೆ'ಗೆ ಆ ವಾಕ್ಯದಲ್ಲಿ ಕೂರಲು ಜಾಗವಿಲ್ಲ, ಕರ್ತೃವಿನ ಸ್ಥಾನ ಮಾತ್ರ ಖಾಲಿ ಉಳಿಯುತ್ತದೆ. ಕೊಳಗವು ಬೀಜದ ಸ್ಥಾನದಲ್ಲಿ ನಿಂತಿರುವುದರಿಂದ ನೆಲದ ಸ್ಥಾನ 'ಗದ್ದೆ'ಗೆ ದೊರಕುತ್ತದೆ. ಅಂದರೆ ನೆಲದ ಅಳತೆಯಾಗಿ ಬಳಕೆಯಾಗುವಾಗಲೂ ಕೊಳಗ ವ್ಯಾಕರಣದ ದೃಷ್ಟಿಯಿಂದ ಬೀಜವೇ. 'ಎರಡು ಕೊಳಗ ಗದ್ದೆ' ಎಂಬ ಕಿರಿದಾದ ರೂಪ 'ಎರಡು ಎಕರೆ ಗದ್ದೆ'ಯ ಜೋಡಿಯಂತೆ ಕಂಡರೂ ಒಳರಚನೆ ಬೇರೆ. ಮೊದಲನೆಯದರಲ್ಲಿ ಕ್ರಿಯೆಯೊಂದು ಲೋಪವಾಗಿದೆ, ಎರಡನೆಯದರಲ್ಲಿ ಲೋಪವಾಗುವಂಥದ್ದು ಏನೂ ಇಲ್ಲ.

ಈ ಚೌಕಟ್ಟಿನಿಂದ ನೋಡಿದರೆ ಪ್ರಾದೇಶಿಕ ಭೇದಕ್ಕೆ ಒಂದು ಕ್ರಮ ಕಾಣುತ್ತದೆ. ಬಿತ್ತನೆಯೆಂಬ ಕ್ರಿಯೆಯ ಯಾವ ಕಾರಕವನ್ನು ಅಳತೆಗೆ ಆಯ್ದುಕೊಳ್ಳಲಾಗಿದೆ ಎಂಬುದೇ ಆ ಕ್ರಮ. ದಕ್ಷಿಣದ ಕೆರೆ-ಕಾಲುವೆಗಳ ಸೀಮೆ ಬೀಜವನ್ನು ಆಯ್ದುಕೊಂಡಿತು. ಧಾರವಾಡ, ಹಾವೇರಿಗಳ ಕಡೆಯ ಕಪ್ಪುನೆಲದಲ್ಲಿ ಸಾಲುಬಿತ್ತನೆಯೇ ಪ್ರಧಾನ. ಅಲ್ಲಿ 'ಕೂರಿಗೆ' ಎಂಬ ಬಿತ್ತುವ ಸಾಧನವೇ ನೆಲದ ಅಳತೆಯಾಯಿತು. ಕರಣಕಾರಕ ಮಾನವಾದದ್ದು ಹೀಗೆ. 'ಒಂದು ಕೂರಿಗೆ ಹೊಲ'ವನ್ನು ನಾಲ್ಕು ಎಕರೆಗೆ ಸಮಮಾಡಿ ಹೇಳುವುದು ಅಲ್ಲಿ ಸಾಮಾನ್ಯ. ಆದರೆ ಎಷ್ಟು ಸಾಲು ಬಿತ್ತುವ ಕೂರಿಗೆ, ಎತ್ತು ಎಂತಹವು, ನೆಲ ಎಷ್ಟು ಹದದಲ್ಲಿದೆ ಎಂಬುದನ್ನು ನೆನೆದರೆ ಆ 'ನಾಲ್ಕು' ಆಮೇಲೆ ಬಂದ ಒಪ್ಪಂದವೆಂದು ತಿಳಿಯುತ್ತದೆ. ಕರಾವಳಿಯಲ್ಲಿ ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಉಂಡೆ ಅದು. 3 ಕಳಸೆಗೆ, ಅಂದರೆ 42 ಸೇರಿಗೆ, ಒಂದು ಮುಡಿಯೆಂಬ ಲೆಕ್ಕ ತುಳುನಾಡಿನಲ್ಲಿ ಪ್ರಸಿದ್ಧ. ಗದ್ದೆಯ ವಿಸ್ತಾರವನ್ನೂ ಗೇಣಿಯನ್ನೂ ಅದೇ ಪದದಲ್ಲಿ ಹೇಳುವಾಗ ಬಿತ್ತುವ ಮುಡಿ ಯಾವುದು, ತೆರುವ ಮುಡಿ ಯಾವುದು ಎಂಬುದನ್ನು ಸಂದರ್ಭವೇ ಬಿಡಿಸಬೇಕು. ಕಡತಗಳನ್ನು ಓದುವ ಸಂಶೋಧಕರು ಎಡವುವ ಜಾಗಗಳಲ್ಲಿ ಇದೂ ಒಂದು.

ಹಾಗಾದರೆ ಉಪಭಾಷಾ ಸಮೀಕ್ಷೆಯ ಪ್ರಶ್ನಾವಳಿಗಳ ಗತಿಯೇನು? 'ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ' ಎಂಬ ಪ್ರಶ್ನೆ ಗುದ್ದಲಿಗೋ ಮೊರಕ್ಕೋ ಸರಿ. ನೆಲದಳತೆಗೆ ಅದು ನಿಲ್ಲದು, ಏಕೆಂದರೆ 'ಇದು' ಎಂದು ಬೆರಳು ತೋರಿಸಬಹುದಾದ, ಎಲ್ಲ ಊರುಗಳಿಗೂ ಸಮಾನವಾದ ವಸ್ತುವಿಲ್ಲ. ಅದೇ ಪ್ರಶ್ನೆಯ ಉತ್ತರಗಳನ್ನು ನಕ್ಷೆಗೆ ಇಳಿಸಿ ಖಂಡುಗದ ಪ್ರದೇಶಕ್ಕೂ ಕೂರಿಗೆಯ ಪ್ರದೇಶಕ್ಕೂ ನಡುವೆ ಸಮಭಾಷಾರೇಖೆ ಎಳೆದರೆ ಪದಭೇದವೊಂದೇ ಕಾಣಿಸುತ್ತದೆ, ಕಾರಕಭೇದ ಕಾಣಿಸುವುದಿಲ್ಲ. ಏನನ್ನು ಬಿತ್ತುತ್ತೀರಿ, ಯಾವುದರಿಂದ ಬಿತ್ತುತ್ತೀರಿ, ಹೊಲವನ್ನು ಬಣ್ಣಿಸುವಾಗ ಯಾವ ಕ್ರಿಯಾಪದ ಬಳಸುತ್ತೀರಿ ಎಂದು ಕೇಳಿದ್ದರೆ ರೇಖೆಗಳು ಬೇರೆಡೆ ಹಾಯುತ್ತಿದ್ದವೆಂಬುದು ನಮ್ಮ ಅನುಮಾನ.

ಬಿತ್ತನೆಗೆ ಸೇರದ ಅಳತೆಗಳೂ ಇವೆ. ಉತ್ತರದ ಶಾಸನಗಳ ಮತ್ತರು, ಅದರ ಉಪವಿಭಾಗವಾದ ಕಮ್ಮ, ಇವು ಗಳೆಯ ಅಥವಾ ಕೋಲಿನ ಅಳತೆಗಳು. ಇವಾದರೂ ಎಕರೆಯಂತೆ ಸ್ಥಿರವೇ? ಅಲ್ಲ, ಆದರೆ ಅಸ್ಥಿರತೆಯ ಬಗೆ ಬೇರೆ. ಬಳ್ಳಿಗಾವೆಯ ಶಾಸನಗಳಲ್ಲಿ ನೆಲವನ್ನು ಭೇರುಂಡ ಗಳೆಯಿಂದ ಅಳೆದುಕೊಟ್ಟ ಉಲ್ಲೇಖಗಳಿವೆ. 1047ರಲ್ಲಿ ಚಾವುಂಡರಾಯರಸ ಅಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಇದೆ. ಗಳೆಯ ಹೆಸರು ಹೇಳದೆ ಮತ್ತರಿನ ಸಂಖ್ಯೆಯನ್ನಷ್ಟೇ ಹೇಳಿದರೆ ಅರ್ಥ ಪೂರ್ಣವಾಗದೆಂಬುದು ಆ ಲಿಪಿಕಾರನಿಗೆ ಗೊತ್ತಿತ್ತು. ನಮ್ಮ ಕೋಷ್ಟಕಗಳು ಗಳೆಯನ್ನು ಕೈಬಿಟ್ಟು ಮತ್ತರನ್ನು ಮಾತ್ರ ಉಳಿಸಿಕೊಂಡಿವೆ. ಹನ್ನೊಂದನೆಯ ಶತಮಾನದ ಲಿಪಿಕಾರ ಈ ವಿಷಯದಲ್ಲಿ ನಮಗಿಂತ ನಿಖರನೆನ್ನದೆ ವಿಧಿಯಿಲ್ಲ.

ಪದರೂಪದ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು, ಏಕೆಂದರೆ ಸಮೀಕರಣದ ಚಟ ಅದನ್ನೂ ಮರೆಮಾಡಿದೆ. ಖಂಡುಗವೆಂಬ ಮಹಾಪ್ರಾಣದ ರೂಪವೇ ಇಂದು ಶಿಷ್ಟವೆನಿಸಿಕೊಂಡಿದೆ. ಹಳೆಯ ಶಾಸನಗಳಲ್ಲಿ 'ಕಂಡುಗ' ಧಾರಾಳವಾಗಿ ದೊರೆಯುತ್ತದೆ. ಅಲ್ಲದೆ 'ಐಗಂಡುಗ'ದಂತಹ ಸಮಾಸಗಳಿವೆ. ಇಲ್ಲಿ ಉತ್ತರಪದದ ಮೊದಲ ಕಕಾರಕ್ಕೆ ಗಕಾರ ಬಂದಿರುವುದು ಕನ್ನಡದ ಆದೇಶಸಂಧಿಯ ನಿಯಮದಂತೆ. ಖಕಾರದಿಂದ ಆರಂಭವಾಗುವ ಪದ ಈ ಸಂಧಿಗೆ ಒಳಗಾಗುವುದಿಲ್ಲ. ಸಮಾಸ ಕಟ್ಟಿದವರ ಬಾಯಲ್ಲಿ ಈ ಪದ ಅಲ್ಪಪ್ರಾಣದ್ದೇ ಆಗಿತ್ತೆಂದೂ ಮಹಾಪ್ರಾಣ ಬರವಣಿಗೆಯ ಮರ್ಯಾದೆಗಾಗಿ ಬಂದದ್ದೆಂದೂ ನಾವು ಭಾವಿಸುತ್ತೇವೆ. ತಮಿಳಿನ 'ಕಣ್ಟಕಂ' ಎಂಬ ರೂಪವೂ ಇದೇ ಕಡೆಗೆ ಕೈ ತೋರುತ್ತದೆ. ಬುಕಾನನ್ ಕಿವಿಗೆ ಬಿದ್ದದ್ದನ್ನು 'ಕಂಡಕ' ಎಂಬಂತೆ ಬರೆದುಕೊಂಡದ್ದನ್ನು, ಇಂಗ್ಲಿಷ್ ಕಾಗುಣಿತದ ಮೇಲೆ ಹೆಚ್ಚು ಭಾರ ಹಾಕದೆಯೇ, ಪಕ್ಕಕ್ಕೆ ಇಟ್ಟುಕೊಳ್ಳಬಹುದು. ಕೋಷ್ಟಕಗಳಲ್ಲಿ ಐಗಂಡುಗ ಸಾಮಾನ್ಯವಾಗಿ '5 ಖಂಡುಗ' ಎಂದು ಬದಲಾಗಿರುತ್ತದೆ. ಆ ತಿದ್ದುಪಡಿಯಲ್ಲಿ ಧ್ವನಿಇತಿಹಾಸದ ಒಂದು ದಾಖಲೆ ಅಳಿಸಿಹೋಗುತ್ತದೆ.

ಇನ್ನು ಎಕರೆ. ನಾವು ಅಳತೆಗೋಲಾಗಿ ಹಿಡಿದಿರುವ ಈ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಹೊಲವೆಂದೇ ಅರ್ಥ; ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲವೆಂಬ ಕಲ್ಪನೆಯಿಂದ ಅದು ಅಳತೆಯಾಯಿತು. ಕೂರಿಗೆಯ ದೂರದ ನೆಂಟನೆನ್ನಬಹುದು. ಅದನ್ನು 4,840 ಚದರ ಗಜಕ್ಕೆ ಕಟ್ಟಿಹಾಕಿದ್ದು ಕಾನೂನು. ಕನ್ನಡಕ್ಕೆ ಬರುವ ಹೊತ್ತಿಗೆ ಅದು ಕಟ್ಟಿಹಾಕಿದ ರೂಪದಲ್ಲೇ ಬಂತು. ಎಕಾರಾಂತವಾಗಿ, 'ಎಕರೆಗಟ್ಟಲೆ' ಎಂಬಂತಹ ರೂಪಗಳನ್ನು ಪಡೆದು, ಎರವಲೆಂಬ ಗುರುತೇ ಉಳಿಯದಂತೆ ಒಗ್ಗಿಕೊಂಡಿದೆ. (ಗಟ್ಟಲೆ ಪ್ರತ್ಯಯ ದೊಡ್ಡ ಪ್ರಮಾಣವನ್ನು ಬಯಸುವುದರಿಂದ 'ಗುಂಟೆಗಟ್ಟಲೆ' ಎಂದರೆ ವ್ಯಂಗ್ಯ ಕೇಳಿಸುತ್ತದೆ. 'ಖಂಡುಗಗಟ್ಟಲೆ' ಎಂದರೆ ಇಂದು ಮನಸ್ಸಿಗೆ ಬರುವುದು ಧಾನ್ಯವೇ, ನೆಲವಲ್ಲ.)

ಆದರೆ ಎಕರೆಯ ಕೆಳಗಿನ ಮಾನಗಳಿಗೆ ಬಂದೊಡನೆ ಪ್ರಾದೇಶಿಕ ಭೇದ ಮತ್ತೆ ತಲೆಯೆತ್ತುತ್ತದೆ. ಮುಂಬಯಿ ಮೋಜಣಿಯ ಸರಪಳಿ 33 ಅಡಿಯದು, 16 ಆಣೆಗಳದು. ಸರಪಳಿಯ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ನಾಣ್ಯದ ಹದಿನಾರಂಶವಾದ ಆಣೆ ನೆಲಕ್ಕೂ ಇಳಿದು ಗುಂಟೆಯ ಹದಿನಾರಂಶವಾಗಿದೆ. ಕನ್ನಡದ ಹಳೆಯ ಭಿನ್ನವಾಚಕ 'ವೀಸ'ವೂ ಹದಿನಾರಂಶವೇ ಆದ್ದರಿಂದ ಈ ವಿಭಜನೆ ಇಲ್ಲಿನವರಿಗೆ ಹೊಸದೆನಿಸಿರಲಾರದು. ಮದರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡಕ್ಕೆ ಬಂದದ್ದು ಸೆಂಟು, ಎಕರೆಯ ನೂರನೆಯ ಒಂದಂಶ, 435.6 ಚದರ ಅಡಿ. 1956ರಲ್ಲಿ ರಾಜ್ಯ ಒಂದಾಯಿತು. ಬಾಯಿಮಾತಿನ ಮಾನಗಳು ಒಂದಾಗಲಿಲ್ಲ. ಅದೇ ವರ್ಷದ ತೂಕ ಮತ್ತು ಅಳತೆಗಳ ಕಾಯಿದೆ ಮೆಟ್ರಿಕ್ ಪದ್ಧತಿಯನ್ನು ತಂದರೂ ಹೆಕ್ಟೇರು ಬೆಳೆಪರಿಹಾರದ ಆದೇಶಗಳಲ್ಲಿ ಕಂಡುಬರುವಷ್ಟು ಹೊಲದ ಬದುವಿನ ಮೇಲೆ ಕೇಳಿಬರುವುದಿಲ್ಲ.

ಇದು ಬರಹದ ಸಂಕೇತವನ್ನೂ ಸಂದಿಗ್ಧಗೊಳಿಸುತ್ತದೆ. ಮೈಸೂರಿನ ಕಡೆಯವರು '2-20' ಎಂದು ಬರೆದರೆ ಎರಡು ಎಕರೆ ಇಪ್ಪತ್ತು ಗುಂಟೆ, ಎಂದರೆ ಎರಡೂವರೆ ಎಕರೆ. ಮಂಗಳೂರಿನ ಕಡೆಯವರು ಅದನ್ನೇ ಎರಡು ಎಕರೆ ಇಪ್ಪತ್ತು ಸೆಂಟು ಎಂದು ಓದಿದರೆ 2.20 ಎಕರೆ. ವ್ಯತ್ಯಾಸ 12 ಗುಂಟೆ, ಒಂದು ಸಣ್ಣ ಕುಟುಂಬದ ಗದ್ದೆಗೆ ಸಾಕಾಗುವಷ್ಟು. ಅಂಕಿಗಳ ನಡುವಿನ ಅಡ್ಡಗೆರೆಗೆ ನಲವತ್ತರ ಮೂಲವೋ ನೂರರ ಮೂಲವೋ ಎಂಬುದನ್ನು ಓದುಗನ ಊರು ನಿರ್ಧರಿಸುತ್ತದೆ. ಜಿಲ್ಲೆಗಳ ಗಡಿ ದಾಟಿ ಪಠ್ಯಗಳನ್ನು ಒಟ್ಟುಗೂಡಿಸುವ ಭಾಷಾಸಂಚಯಗಳಲ್ಲಿ ಇಂತಹ ಅಂಕಿಗಳನ್ನು ದಶಮಾಂಶಕ್ಕೆ 'ಶುದ್ಧಗೊಳಿಸುವ' ಮೊದಲು ಪಠ್ಯದ ಊರನ್ನು ಗುರುತಿಸಿಡುವುದು ತೀರ ಅಗತ್ಯ.

ಆರ್ಥಿಕ ಇತಿಹಾಸಕಾರರು ಕೇಳಬಹುದು: ಸಂಖ್ಯೆಯಿಲ್ಲದೆ ನಾವು ಹೋಲಿಕೆ ಮಾಡುವುದು ಹೇಗೆ? ಸಂಖ್ಯೆ ಬೇಡವೆಂದು ನಾವು ಹೇಳುತ್ತಿಲ್ಲ. ಖಂಡುಗಕ್ಕೆ ಬೆಲೆ ಕಟ್ಟುವಾಗ ಗದ್ದೆಯದೋ ಬೆದ್ದಲಿನದೋ, ಯಾವ ಊರಿನ ಕೊಳಗ, ಚೆಲ್ಲು ಬಿತ್ತನೆಯೋ ನಾಟಿಯೋ ಎಂಬ ಷರತ್ತುಗಳೊಂದಿಗೆ ಕಟ್ಟಿ, ಒಂದು ಅಂಕಿಯ ಬದಲು ಒಂದು ವ್ಯಾಪ್ತಿಯನ್ನು ಕೊಟ್ಟರೆ ಹೋಲಿಕೆಗೆ ಭಂಗವಿಲ್ಲ. ನಾಟಿಯ ಮಾತು ಸುಮ್ಮನೆ ಸೇರಿಸಿದ್ದಲ್ಲ. ಇಂದು 'ಶ್ರೀ' ಪದ್ಧತಿಯಲ್ಲಿ ಭತ್ತ ಬೆಳೆಯುವವರಿಗೆ ಹೆಕ್ಟೇರಿಗೆ ಸುಮಾರು 5 ಕೆ.ಜಿ. ಬೀಜ ಸಾಕು. ಆ ಲೆಕ್ಕದಲ್ಲಿ 'ಹತ್ತು ಕೊಳಗದ ಗದ್ದೆ'ಗೆ ಹತ್ತು ಕೊಳಗ ಬೀಜ ಎಂದೂ ಬೇಕಾಗದು. ಆದರೂ ಗದ್ದೆಯ ಹೆಸರು ಬದಲಾಗುವುದಿಲ್ಲ. ಇಲ್ಲಿ ಪದವು ಅಳತೆಯ ಕೆಲಸ ಬಿಟ್ಟು ಅಂಕಿತನಾಮದ ಕೆಲಸ ಹಿಡಿದಿದೆ. ಷಷ್ಠಿಯ 'ಕೊಳಗದ' ಎಂಬ ರೂಪ ಅದಕ್ಕೆ ಗುರುತು. 'ಎರಡು ಎಕರೆ ಗದ್ದೆ ಮಾರಿದ' ಎಂದರೆ ದೊಡ್ಡ ಗದ್ದೆಯೊಳಗಿನ ಭಾಗವೂ ಆಗಬಹುದು, 'ಎರಡು ಎಕರೆಯ ಗದ್ದೆ ಮಾರಿದ' ಎಂದರೆ ಇಡಿಯ ಗದ್ದೆಯೇ. ಕೊಳಗದ ಗದ್ದೆಯೂ ಹಾಗೆಯೇ ಇಡಿಯಾದ, ಹೆಸರಿರುವ ವಸ್ತು. ಸ್ಥಳನಾಮಗಳಿಂದ ಹಿಂದಿನ ವಿಸ್ತೀರ್ಣವನ್ನು ಲೆಕ್ಕಹಾಕಲು ಹೊರಡುವವರು ಈ ಷಷ್ಠಿಯನ್ನು ಕಂಡಲ್ಲಿ ನಿಧಾನಿಸಬೇಕು.

ನೆರೆಭಾಷೆಗಳಲ್ಲಿ ಇದೇ ಪ್ರಕ್ರಿಯೆ ಬೇರೆ ಬೇರೆ ಹಂತಗಳಲ್ಲಿ ನಿಂತಿದೆ. ಕನ್ನಡದಲ್ಲಿ 'ಕಾಣಿ' ಅರವತ್ತನಾಲ್ಕನೆಯ ಒಂದಂಶ, ಬರಿಯ ಭಿನ್ನರಾಶಿ. ತಮಿಳಿನಲ್ಲಿ ಅದು ಎಂಬತ್ತನೆಯ ಒಂದಂಶವೂ ಹೌದು, ನೆಲದ ಅಳತೆಯೂ ಹೌದು, ನೆಲದ ಮೇಲಿನ ವಂಶಪಾರಂಪರ್ಯದ ಹಕ್ಕೂ ಹೌದು. ಅಂಕಣದ ಕಥೆ ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ಎರಡು ಕಂಬಗಳ ನಡುವಣ ಅವಕಾಶ ಅಂಕಣ. 'ಐದಂಕಣದ ಮನೆ' ಎಂದಾಗ ಎಣಿಸುತ್ತಿರುವುದು ಆ ಅವಕಾಶಗಳನ್ನು, ಚದರ ಅಡಿಗಳನ್ನಲ್ಲ. ತೆಲುಗಿನ ನೆಲ್ಲೂರು, ತಿರುಪತಿಗಳ ಕಡೆ ಅದೇ 'ಅಂಕಣಂ' ಊರನ್ನವಲಂಬಿಸಿ 72 ಅಥವಾ 36 ಚದರ ಅಡಿಯ ನಿವೇಶನದ ಮಾನವಾಗಿಬಿಟ್ಟಿದೆ. ಒಂದು ಭಾಷೆಯಲ್ಲಿ ಎಣಿಕೆಯ ವಸ್ತುವಾಗಿ ಉಳಿದದ್ದು ಮತ್ತೊಂದರಲ್ಲಿ ಮಾನವಾಯಿತು. ಮಾನವಾದ ಮೇಲೂ ಊರನ್ನು ಬಿಟ್ಟುಕೊಡಲಿಲ್ಲ.

ಇವೆಲ್ಲ ಹಳೆಯ ಕಾಲದ ಸಂಗತಿಗಳೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಮನೆ ಕಟ್ಟುವವರ ಮಾತಿನಲ್ಲಿ 'ಚದರ' ಎಂದರೆ 100 ಚದರ ಅಡಿ. 'ಹತ್ತು ಚದರದ ಮನೆ' ಎಂದರೆ ಸಾವಿರ ಚದರ ಅಡಿಯ ಕಟ್ಟಡ. ಇಲ್ಲೂ ವಿಶೇಷ್ಯವನ್ನು ಗಮನಿಸಬೇಕು: ಕಟ್ಟಡಕ್ಕೆ ಚದರ, ಖಾಲಿ ನಿವೇಶನಕ್ಕೆ 'ಮೂವತ್ತು-ನಲವತ್ತು'. ಎರಡನೆಯದರಲ್ಲಿ ಗುಣಿಸಿದ ಮೊತ್ತವಾದ 1,200ನ್ನು ಯಾರೂ ಉಚ್ಚರಿಸುವುದಿಲ್ಲ. ಉದ್ದಗಲಗಳ ಜೋಡಿಯೇ ಅಳತೆಯ ಹೆಸರಾಗಿದೆ. ಮುಂದಿನ ನಿಘಂಟು ಪರಿಷ್ಕರಣೆಯಲ್ಲಿ 'ಚದರ' ಎಂಬ ನಮೂದಿನ ಕೆಳಗೆ ಈ ಅರ್ಥ ಸೇರುವುದಾದರೆ 'ಮನೆ, ಕಟ್ಟಡ ಇವುಗಳೊಂದಿಗೆ ಮಾತ್ರ' ಎಂಬ ಟಿಪ್ಪಣಿಯೂ, ಅದು ಬಳಕೆಯಲ್ಲಿರುವ ಸೀಮೆಯ ಹೆಸರೂ ಜೊತೆಗೆ ಸೇರಲಿ. 'ಕೊಳಗ'ದ ನಮೂದಿನಲ್ಲಿ ಗದ್ದೆ, ಬೆದ್ದಲುಗಳನ್ನು ಬೇರೆ ಬೇರೆ ಉಪಾರ್ಥಗಳಾಗಿ ಕೊಟ್ಟು, 'ಬಿತ್ತುವ' ಎಂಬ ಕೃದಂತದೊಂದಿಗಿನ ಪ್ರಯೋಗವನ್ನು ಮೊದಲು ಉದ್ಧರಿಸಿ, ಎಕರೆಯ ಅಂಕಿಯನ್ನು ಊರು–ಕಾಲಗಳ ಉಲ್ಲೇಖವಿದ್ದಲ್ಲಿ ಮಾತ್ರ ಸೇರಿಸಬಹುದು. 'ಕೂರಿಗೆ'ಗೆ ಸಾಧನದ ಅರ್ಥವನ್ನೂ ನೆಲದ ಅರ್ಥವನ್ನೂ ಎರಡು ಪ್ರತ್ಯೇಕ ನಮೂದುಗಳಾಗಿ ಒಡೆಯುವ ಪ್ರಲೋಭನೆ ಬರುತ್ತದೆ. ಒಡೆಯದೆ ಒಂದೇ ನಮೂದಿನಲ್ಲಿ ಇಡುವುದು ಮೇಲು.